ರೈಲು ಬೋಗಿಯೊಳಗೆ ಯಾವ ಬಾಂಡ್ ಮೇಲು?

ಜೇಮ್ಸ್ ಬಾಂಡ್ ಅಂದರೆ ಯಾರು ಅಂತ ನಮ್ಮ ಹುಬ್ಬಳ್ಳಿಯಲ್ಲಿ ಕೇಳಿ ನೋಡಿ, ಉತ್ತರದಲ್ಲೇ ವಯಸ್ಸು ಗೊತ್ತಾಗುತ್ತದೆ. ಕಾಕಾನ ವಾರಿಗೆಯವರು ಶಾನ್ ಕಾನರಿ ಅಂತಾರೆ, ಅವರಿಗಿಂತ ಸ್ವಲ್ಪ ಸಣ್ಣವರು ರೋಜರ್ ಮೂರ್, ನನ್ನ ಜೊತೆ ಓದಿದವರಿಗೆ ಬ್ರಾಸ್ನನ್, ಈಗಿನ ಹುಡುಗರಿಗೆ ಡೇನಿಯಲ್ ಕ್ರೇಗ್ ಬಿಟ್ಟರೆ ಬೇರೆ ಬಾಂಡೇ ಇಲ್ಲ. ಸೂಟು, ಕಾರು, ಹೀರೋಯಿನ್ ಇಟ್ಟುಕೊಂಡು ಕೂತರೆ ಈ ವಾದ ಮುಗಿಯೋದಿಲ್ಲ. ಅದಕ್ಕೆ ನಾನು ಒಂದೇ ಅಳತೆ ಹಿಡಿದೆ. ರೈಲು. 1962ರಿಂದ 2021ರವರೆಗೆ ಬಂದ 25 ಸಿನಿಮಾಗಳಲ್ಲಿ ರೈಲಿನ ಹೊಡೆದಾಟ ಮತ್ತೆ ಮತ್ತೆ ಬರುತ್ತದೆ. ಜಾಗ ಇಕ್ಕಟ್ಟು, ತಪ್ಪಿಸಿಕೊಳ್ಳೋಕೆ ದಾರಿ ಇಲ್ಲ, ಕಾರು ಹೆಲಿಕಾಪ್ಟರ್ ಯಾವುದೂ ನೆರವಿಗೆ ಬರೋದಿಲ್ಲ. ನಟನ ತಾಕತ್ತು ಏನು ಅಂತ ಅಲ್ಲೇ ಗೊತ್ತಾಗುತ್ತದೆ. ಅಲ್ಲದೆ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇರುವ ಊರಿನವರು ನಾವು. ರೈಲಿನ ವಿಷಯದಲ್ಲಿ ನಮ್ಮನ್ನು ಸುಮ್ನೆ ಒಪ್ಪಿಸೋಕೆ ಆಗಲ್ಲ ಅಲ್ವಾ?

ನನ್ನ ಜೊತೆ ಕೂತು ನೋಡಿದವರು ಕಾಕಾ. ರೈಲ್ವೆ ವರ್ಕ್‌ಶಾಪ್‌ನಲ್ಲಿ ಬೋಗಿ ರಿಪೇರಿ ಮಾಡಿ ರಿಟೈರ್ ಆದವರು.

ಮೊದಲು ಕಾನರಿ, 1963ರ ‘ಫ್ರಮ್ ರಷ್ಯಾ ವಿತ್ ಲವ್’. ಓರಿಯಂಟ್ ಎಕ್ಸ್‌ಪ್ರೆಸ್ಸಿನಲ್ಲಿ ಅವನ ಎದುರಿಗೆ ರಾಬರ್ಟ್ ಶಾ. ಶಾ ಮಾಡಿದ ಗ್ರಾಂಟ್ ಎಂಬ ಕೊಲೆಗಾರ ಬ್ರಿಟಿಷ್ ಏಜೆಂಟ್ ಅಂತ ಸುಳ್ಳು ಹೇಳಿಕೊಂಡು ಬಂದಿರುತ್ತಾನೆ. ಊಟಕ್ಕೆ ಕೂತಾಗ ಮೀನಿನ ಜೊತೆ ಕೆಂಪು ವೈನ್ ತರಿಸುತ್ತಾನೆ. ಮೀನಿಗೆ ಬಿಳಿ ವೈನ್ ಅನ್ನೋದು ಅಲ್ಲಿನ ರೂಢಿ, ನಿಜವಾದ ಬ್ರಿಟಿಷ್ ಏಜೆಂಟ್ ಹಾಗೆ ಕುಡಿಯೋದಿಲ್ಲ, ಆದರೆ ಬಾಂಡ್‌ಗೆ ಅದು ಹೊಳೆಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆಮೇಲಿನದು ನೋಡಿ. ಬಾಂಡ್ ನೆಲಕ್ಕೆ ಮಂಡಿಯೂರಿದ್ದಾನೆ, ಗ್ರಾಂಟ್ ಕೈಯಲ್ಲಿ ಪಿಸ್ತೂಲು. ಕಾನರಿ ಮೈ ಅಲುಗಿಸೋದೇ ಇಲ್ಲ. ಒಂದು ಸಿಗರೇಟ್ ಕೇಳುತ್ತಾನೆ, ದುಡ್ಡು ಕೊಡ್ತೀನಿ ಅಂತಾನೆ, ಪೆಟ್ಟಿಗೆಯಲ್ಲಿರುವ ಚಿನ್ನದ ನಾಣ್ಯದ ಆಸೆ ಹಚ್ಚುತ್ತಾನೆ. ಸಾಯುವ ಹೆದರಿಕೆ, ಒಳಗೊಳಗೇ ನಡೆಯುವ ಲೆಕ್ಕಾಚಾರ, ಎರಡೂ ಆ ಮುಖದಲ್ಲಿ ಕಾಣುತ್ತವೆ. ಎರಡನೇ ಪೆಟ್ಟಿಗೆಯನ್ನು ಗ್ರಾಂಟ್ ತಾನೇ ತೆಗೆಯುತ್ತಾನೆ, ಒಳಗಿಂದ ಗ್ಯಾಸ್ ಚಿಮ್ಮುತ್ತದೆ, ಲೈಟ್ ಒಡೆಯುತ್ತದೆ. ಅಲ್ಲಿಂದ ಮುಂದೆ ನೀಲಿ ಮಬ್ಬು ಬೆಳಕು, ರೈಲಿನ ಸದ್ದು, ಇಬ್ಬರ ಏದುಸಿರು, ಅಷ್ಟೇ. ಹಿನ್ನೆಲೆ ಸಂಗೀತವೇ ಇಲ್ಲ.

ಕಾಕಾ ಮುಂದಕ್ಕೆ ಬಾಗಿ ಕೂತು ಬಿಟ್ಟರು. “ತಮ್ಮಾ, ಡಬ್ಬಿ ಒಳಗ ಕೈ ಬೀಸಿ ಹೊಡಿಯಾಕ ಜಾಗಾ ಎಲ್ಲಿರತೈತಿ? ಇವರು ಮೊಣಕೈ, ಮೊಣಕಾಲಿಲೇ ಹೊಡದಾಡಾಕತ್ತಾರ ನೋಡು. ಇದು ಖರೇ ಐತಿ.” ನಾನು ಎಷ್ಟೋ ಸಲ ನೋಡಿದ್ದರೂ ಅದನ್ನು ಗಮನಿಸಿರಲಿಲ್ಲ. ಗೆದ್ದ ಮೇಲೆ ಕಾನರಿ ಹೀರೋ ಥರ ನಿಲ್ಲೋದಿಲ್ಲ. ಸುಸ್ತಾಗಿ, ಕೂದಲು ಕೆದರಿಕೊಂಡು, ಕೊಟ್ಟ ದುಡ್ಡನ್ನು ಸತ್ತವನ ಜೇಬಿನಿಂದ ವಾಪಸ್ ತೆಗೆದುಕೊಳ್ಳುತ್ತಾನೆ. 60 ವರ್ಷ ದಾಟಿದರೂ ಇದನ್ನು ಮೀರಿಸಿದ ರೈಲು ಹೊಡೆದಾಟ ಈ ಸರಣಿಯಲ್ಲಿ ಬಂದಿಲ್ಲ. ಸಿನಿಮಾದ ಮೊದಲರ್ಧ ನಿಧಾನ, ಬೇಸರ ಮಾಡಿಕೊಂಡು ಬಂದ್ ಮಾಡಬೇಡಿ.

ಮೂರ್‌ಗೆ ರೈಲು ಜಾಸ್ತಿ ಸಿಕ್ಕವು. 1973ರ ‘ಲಿವ್ ಅಂಡ್ ಲೆಟ್ ಡೈ’ಯಲ್ಲಿ ಕಬ್ಬಿಣದ ಕೈಯ ಟೀ ಹೀ ಎಂಬ ವೈರಿಯ ಜೊತೆ ಹೊಡೆದಾಟ, ಉಗುರು ಕತ್ತರಿಸುವ ಕತ್ತರಿಯಿಂದ ಆ ಕೈಯ ವೈರ್ ಕತ್ತರಿಸುತ್ತಾನೆ. 1977ರ ‘ದ ಸ್ಪೈ ಹೂ ಲವ್ಡ್ ಮಿ’ಯಲ್ಲಿ ಏಳಡಿ ಮೀರಿದ ರಿಚರ್ಡ್ ಕೀಲ್, ಉಕ್ಕಿನ ಹಲ್ಲಿನ ಜಾಸ್. ಒಡೆದ ಲ್ಯಾಂಪ್ ಆ ಹಲ್ಲಿಗೆ ತಾಗಿಸಿ ಶಾಕ್ ಕೊಡೋದು ನೋಡಿ ನಮ್ಮ ಮನೆ ಮಕ್ಕಳು ಕುಣಿದಾಡಿದರು. ಮನೆಮಂದಿ ಎಲ್ಲ ಒಟ್ಟಿಗೆ ಕೂತು ನೋಡೋದಾದರೆ ಇದನ್ನೇ ಹಾಕಿ. 1983ರ ‘ಆಕ್ಟೋಪಸಿ’ಯಲ್ಲಿ ರೈಲಿನ ಮೇಲೆ ಹೋರಾಟ, ಎದುರಿಗೆ ನಮ್ಮ ಕಬೀರ್ ಬೇಡಿ. ಆ ರೈಲು ದೃಶ್ಯ ತೆಗೆದದ್ದು ಇಂಗ್ಲೆಂಡಿನ ನೀನ್ ವ್ಯಾಲಿ ರೈಲ್ವೆಯಲ್ಲಿ. ಮೂರ್ ಬದಲಿಗೆ ಬೋಗಿಯ ಪಕ್ಕಕ್ಕೆ ಜೋತಾಡುತ್ತಿದ್ದ ಸ್ಟಂಟ್ ಕಲಾವಿದ ಮಾರ್ಟಿನ್ ಗ್ರೇಸ್ ಅಲ್ಲಿ ಬಹಳ ಜೋರಾಗಿ ಗಾಯಗೊಂಡರು. ಅದು ಗೊತ್ತಿದ್ದು ನೋಡಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಮೂರ್ ಮುಖ ನೋಡಿದಾಗ ಇವನಿಗೆ ಏನೂ ಆಗಲ್ಲ ಅನ್ನೋ ಧೈರ್ಯ ಮೊದಲೇ ಬಂದಿರುತ್ತದೆ. ಮಜಾ ಇದೆ, ಭಯ ಇಲ್ಲ.

ಇಲ್ಲಿಗೆ ಬಂದಾಗ ಕಾಕಾ ಅಣ್ಣಾವ್ರನ್ನು ತಂದರು, ತರಲೇಬೇಕು. 1968ರ ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ದೊರೆ-ಭಗವಾನ್ ಜೋಡಿ ಡಾ. ರಾಜಕುಮಾರ್ ಅವರನ್ನು ಬಾಂಡ್ ಥರದ ಗೂಢಚಾರ ಸಿ.ಐ.ಡಿ. 999 ಮಾಡಿ ತೋರಿಸಿತು. ಹೊಡೆದಾಡುವಾಗಲೂ ಅವರ ಮುಖದಲ್ಲಿ ಇರುವ ಸಲೀಸು ಮೂರ್‌ಗೆ ಹತ್ತಿರ ಅಂತ ಕಾಕಾ ಅಂದರು. ನನಗೂ ಹಾಗೇ ಅನ್ನಿಸಿತು.

ಬ್ರಾಸ್ನನ್‌ಗೆ 1995ರ ‘ಗೋಲ್ಡನ್‌ಐ’ಯಲ್ಲಿ ಕವಚ ತೊಡಿಸಿದ ರೈಲೇನೋ ಸಿಕ್ಕಿತು. ವಾಚಿನ ಲೇಸರ್‌ನಿಂದ ನೆಲ ಕೊರೆದು ಹೊರಗೆ ಬರುತ್ತಾನೆ. ಕೈ ಕೈ ಮಿಲಾಯಿಸೋದು ಇಲ್ಲ, ಹಾಗಾಗಿ ಈ ಅಳತೆಯಲ್ಲಿ ಅವನು ಹಿಂದೆ. ಒಂದೇ ಸಿನಿಮಾ ಮಾಡಿದ ಜಾರ್ಜ್ ಲೇಜನ್‌ಬಿಗೆ ಇಂಥ ದೃಶ್ಯವೇ ಇಲ್ಲ.

ಕ್ರೇಗ್ ವಿಷಯದಲ್ಲಿ ನಾನೂ ಕಾಕಾನೂ ಒಮ್ಮತಕ್ಕೆ ಬರಲಿಲ್ಲ. 2012ರ ‘ಸ್ಕೈಫಾಲ್’ನಲ್ಲಿ ಬೋಗಿಯ ಹಿಂಬದಿ ಕಿತ್ತು ಹೋಗುತ್ತಿರುವಾಗ ಒಳಗೆ ಜಿಗಿದು ಶರ್ಟಿನ ಕಫ್ ಸರಿ ಮಾಡಿಕೊಳ್ಳುತ್ತಾನಲ್ಲ, ಅದಕ್ಕೆ ಇಬ್ಬರೂ ಮಸ್ತ್ ಅಂದೆವು. 2015ರ ‘ಸ್ಪೆಕ್ಟರ್’ನಲ್ಲಿ ಡೇವ್ ಬಟಿಸ್ಟಾ ಜೊತೆಗಿನದು ಕಾನರಿಯ ಹೊಡೆದಾಟಕ್ಕೆ ನಮಸ್ಕಾರ ಹೇಳಿದ ಹಾಗಿದೆ. ಅದನ್ನು ತೆಗೆಯುವಾಗ ಕ್ರೇಗ್ ಮೊಣಕಾಲಿಗೆ ಪೆಟ್ಟು ಮಾಡಿಕೊಂಡಿದ್ದ, ಆ ಶ್ರಮ ಪರದೆ ಮೇಲೆ ಕಾಣುತ್ತದೆ. ಆದರೆ ಗೋಡೆಗಳು ಅಷ್ಟು ಸಲೀಸಾಗಿ ಮುರಿಯೋದು ಕಾಕಾಗೆ ಹಿಡಿಸಲಿಲ್ಲ. ನನ್ನ ಮೆಚ್ಚುಗೆ 2006ರ ‘ಕ್ಯಾಸಿನೋ ರಾಯಲ್’ಗೆ. ಅಲ್ಲಿ ರೈಲಿನ ಊಟದ ಟೇಬಲ್‌ನಲ್ಲಿ ಕ್ರೇಗ್, ಇವಾ ಗ್ರೀನ್ ಎದುರುಬದುರು ಕೂತು ಒಬ್ಬರ ಹಳೇ ಬದುಕನ್ನು ಇನ್ನೊಬ್ಬರು ಊಹಿಸಿ ಹೇಳುತ್ತಾರೆ. ಒಂದು ಏಟೂ ಬೀಳೋದಿಲ್ಲ, ಆದರೂ ಬಾಂಡ್ ಸೋಲುತ್ತಾನೆ, ಸೋತದ್ದು ಅವನ ನಗುವಿನಲ್ಲೇ ತಿಳಿಯುತ್ತದೆ. ಕಾನರಿ ಆದ ಮೇಲೆ ಎರಡನೇ ಜಾಗ ಈ ದೃಶ್ಯಕ್ಕೆ. “ಮಾತಾಡೂದು ಹೊಡದಾಟ ಹೆಂಗ ಆಗತೈತೋ?” ಅಂತ ಕಾಕಾ ಕೇಳಿದರು. ಅವರು ಎರಡನೇ ಜಾಗ ಮೂರ್‌ಗೇ ಕೊಟ್ಟರು.

ನನಗೆ ಹೊಟ್ಟೆ ಉರಿಯೋದು ಟಿಮೊಥಿ ಡಾಲ್ಟನ್ ವಿಷಯಕ್ಕೆ. 1987ರ ‘ದ ಲಿವಿಂಗ್ ಡೇಲೈಟ್ಸ್’ನಲ್ಲಿ ಸರಕು ವಿಮಾನದ ಹಿಂದೆ ಬಲೆ ಹಿಡಿದು ಜೋತಾಡುವಾಗ ವೈರಿ ಇವನ ಬೂಟು ಹಿಡಿದು ಬೇಡಿಕೊಳ್ಳುತ್ತಾನೆ, ಇವನು ಲೇಸ್ ಕತ್ತರಿಸಿ ಬಿಡುತ್ತಾನೆ. ಕಣ್ಣಲ್ಲಿ ಒಂದಿಷ್ಟೂ ಕರುಣೆ ಇಲ್ಲ. ಅಂಥ ಕಣ್ಣಿನ ನಟನನ್ನು ಬೋಗಿಯೊಳಗೆ ಬಿಟ್ಟಿದ್ದರೆ ಕಾನರಿಗೆ ಸರಿಯಾದ ಪೈಪೋಟಿ ಅವನೇ ಕೊಡುತ್ತಿದ್ದ. 1989ರ ನಂತರ ಕೋರ್ಟು ಕಚೇರಿ ತಕರಾರಿನಲ್ಲಿ ಸರಣಿ ಆರು ವರ್ಷ ನಿಂತು ಹೋಯಿತು, ಅವನ ಲೆಕ್ಕ ಎರಡೇ ಸಿನಿಮಾಕ್ಕೆ ಮುಗಿಯಿತು.