ಜಿಗಿಹುಳುವಿನ ಹೊಸ ಪ್ರಭೇದ ವಿವರಿಸಲು 7–45 ಪಟ್ಟಿನ ಸ್ಟೀರಿಯೋ ಝೂಮ್ ಮೈಕ್ರೋಸ್ಕೋಪ್ ಸಾಕೇ?

10 ಪಟ್ಟಿನ ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸ್), 0.7ರಿಂದ 4.5ರವರೆಗೆ ತಿರುಗುವ ಝೂಮ್, ಕ್ಯಾಮೆರಾಗೆಂದು ಮೂರನೇ ಕೊಳವೆ, ಮೇಲೂ ಕೆಳಗೂ ಎಲ್‌ಇಡಿ ದೀಪ. ಪ್ರಯೋಗಾಲಯ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಎಲ್ಲೆಲ್ಲೂ ಸಿಗುವ ಮಾದರಿ ಇದು. ಇಲ್ಲಿ ನೋಡುತ್ತಿರುವುದು ಒಂದೇ ಕೆಲಸಕ್ಕೆ: ಜಿಗಿಹುಳುವಿನ ಹೊಸ ಪ್ರಭೇದವನ್ನು ವಿವರಿಸಿ ಬರೆಯಲು.

ಹೊರಮೈ ನೋಡಲು ಧಾರಾಳ ಸಾಕು. ಭತ್ತದ ಹಸಿರು ಜಿಗಿಹುಳುಗಳಲ್ಲಿ ನೆಫೋಟೆಟಿಕ್ಸ್ ನಿಗ್ರೋಪಿಕ್ಟಸ್‌ನ ನೆತ್ತಿಯ ಅಂಚಿನ ಬಳಿ ಕಪ್ಪು ಪಟ್ಟಿ ಇರುತ್ತದೆ, ಅದೇ ಕುಲದ ವಿರೆಸೆನ್ಸ್‌ಗೆ ಇರುವುದಿಲ್ಲ. 20 ಪಟ್ಟಿನಲ್ಲೇ ಇದು ನಿಚ್ಚಳ. ಹಿಂಗಾಲಿನ ಮುಳ್ಳುಸಾಲುಗಳನ್ನೂ 40ರ ಆಸುಪಾಸಿನಲ್ಲಿ ಎಣಿಸಬಹುದು.

ಆದರೆ ಬಣ್ಣ ನಂಬಿ ಹೊಸ ಪ್ರಭೇದ ಎನ್ನುವಂತಿಲ್ಲ. ತೀರ್ಪು ಕೊಡುವುದು ಗಂಡಿನ ಜನನಾಂಗ, ಮುಖ್ಯವಾಗಿ ಈಡಿಯಾಗಸ್ ಎಂಬ ಶಿಶ್ನಭಾಗ. ಹೊಟ್ಟೆಯ ಭಾಗವನ್ನು ಬಿಡಿಸಿ ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಬೇಕು. ಅವಸರವಿದ್ದರೆ ದ್ರಾವಣವಿರುವ ಗಾಜಿನ ಕೊಳವೆಯನ್ನು ಬಿಸಿನೀರಿನಲ್ಲಿಟ್ಟು ಕೆಲವೇ ನಿಮಿಷ ಕಾಯಿಸಬಹುದು. ಹೆಚ್ಚಾದರೆ ಎಲ್ಲವೂ ಗಾಜಿನಂತಾಗಿ ಅಂಚುಗಳೇ ಕಾಣುವುದಿಲ್ಲ. ಆಮೇಲೆ ನೀರಿನಲ್ಲಿ ತೊಳೆದು, ಗುಳಿ ಇರುವ ಸ್ಲೈಡಿನಲ್ಲಿ ಒಂದು ತೊಟ್ಟು ಗ್ಲಿಸರಿನ್ ಹಾಕಿ ಬಿಡಿಸುತ್ತಾರೆ. ಇಲ್ಲಿ ಕೆಳದೀಪ ಇರಲೇಬೇಕು. ಮೇಲಿನ ದೀಪವೊಂದೇ ಇರುವ ಮಾದರಿ ಅಗ್ಗವೆಂದು ತಂದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಬಿಡಿಸುವುದಕ್ಕೆ ಈ ಉಪಕರಣ ಹೇಳಿ ಮಾಡಿಸಿದಂತಿದೆ. ಹುಳುವಿಗೂ ಲೆನ್ಸಿಗೂ ನಡುವೆ ಸುಮಾರು 100 ಮಿ.ಮೀ. ಜಾಗ, ಎರಡೂ ಕೈಯಲ್ಲಿ ಸೂಜಿ ಹಿಡಿದರೂ ತಾಗುವುದಿಲ್ಲ. ಚಿತ್ರ ಬರೆಯಲು ಮಾತ್ರ ಸಾಲದು. ಸಣ್ಣ ಜಿಗಿಹುಳುಗಳ ಈಡಿಯಾಗಸ್ ಅರ್ಧ ಮಿಲಿಮೀಟರೂ ಇರುವುದಿಲ್ಲ, ಅದರ ಮುಳ್ಳಿನ ತುದಿ ಕವಲೊಡೆದಿದೆಯೇ ಎಂದು ನೋಡಲು 100ರಿಂದ 400 ಪಟ್ಟಿನ ಕಾಂಪೌಂಡ್ ಮೈಕ್ರೋಸ್ಕೋಪೇ ಬೇಕು. ಅಂಗಡಿಯವರು ಜೊತೆಗೆ ಕೊಡಲು ಬರುವ 2 ಪಟ್ಟಿನ ಹೆಚ್ಚುವರಿ ಲೆನ್ಸ್ ಬೇಡ. 90 ಪಟ್ಟು ಬಂದರೂ ಕೈಯಾಡಿಸುವ ಜಾಗ ಮೂರನೇ ಒಂದು ಪಾಲಿಗೆ ಇಳಿಯುತ್ತದೆ.

ಈಗ ದೊಡ್ಡ ದೋಷ. ಬಹುತೇಕ ಅಗ್ಗದ ಮಾದರಿಗಳ ಝೂಮ್ ಗುಬುಟಿ ನುಣ್ಣಗೆ ತಿರುಗುತ್ತದೆ, ಎಲ್ಲೂ ಟಕ್ಕೆಂದು ನಿಲ್ಲುವುದಿಲ್ಲ. ಐಪೀಸಿನ ಅಳತೆಗೆರೆಯ ಒಂದು ಮನೆ 4ರ ಝೂಮಿನಲ್ಲಿ 0.025 ಮಿ.ಮೀ. ಗುಬುಟಿ ಗೊತ್ತಾಗದಂತೆ 3.8ಕ್ಕೆ ಜಾರಿದರೆ ಒಂದು ಮನೆ 0.026 ದಾಟುತ್ತದೆ, 1.58 ಮಿ.ಮೀ. ಅಗಲದ ತಲೆ 1.50 ಎಂದು ದಾಖಲಾಗುತ್ತದೆ. ಹತ್ತಿರದ ಪ್ರಭೇದದೊಂದಿಗೆ ಹೋಲಿಸುವಾಗ ಇಷ್ಟು ವ್ಯತ್ಯಾಸ ಸಣ್ಣದಲ್ಲ. ಕ್ಲಿಕ್ ಸ್ಟಾಪ್ ಇರುವ ಮಾದರಿಗೆ ಸ್ವಲ್ಪ ಹೆಚ್ಚು ದುಡ್ಡು ಕೊಡಿ, ಪ್ರತಿ ನಿಲುಗಡೆಯಲ್ಲೂ ಸ್ಟೇಜ್ ಮೈಕ್ರೋಮೀಟರ್ (ನಿಖರ ಅಳತೆಗೆರೆಗಳಿರುವ ಸ್ಲೈಡ್) ಇಟ್ಟು ಒಮ್ಮೆ ಲೆಕ್ಕ ಬರೆದಿಡಿ.

ಉಂಗುರದ ಎಲ್‌ಇಡಿ ಹೊಳೆಯುವ ರೆಕ್ಕೆಯ ಮೇಲೆ ಸಾಲು ಬಿಳಿ ಚುಕ್ಕಿ ಮೂಡಿಸುತ್ತದೆ, ಫೋಟೊದಲ್ಲಿ ಅದು ಮಚ್ಚೆಯೆಂದೇ ತೋರುತ್ತದೆ. ಹುಳುವಿನ ಸುತ್ತ ಟ್ರೇಸಿಂಗ್ ಕಾಗದದ ಕೊಳವೆ ನಿಲ್ಲಿಸಿದರೆ ಚುಕ್ಕಿಗಳು ಮಾಯ. ಕ್ಯಾಮೆರಾ ಪರವಾಗಿಲ್ಲ. ಫೋಕಸ್ ಬದಲಿಸುತ್ತ 20–30 ಚಿತ್ರ ತೆಗೆದು ಜೋಡಿಸಬೇಕು, ಸೂಕ್ಷ್ಮ ಫೋಕಸ್ ತಿರುಪು ಇಲ್ಲದ್ದರಿಂದ ಹೆಜ್ಜೆಗಳು ಏರುಪೇರಾಗುತ್ತವೆ.

ಕೊಳ್ಳುವ ಮೊದಲು ಅಂಗಡಿಯಲ್ಲೇ ನೋಡಿ: 45ರಲ್ಲಿ ಫೋಕಸ್ ಮಾಡಿ 7ಕ್ಕೆ ಇಳಿಸಿದಾಗ ಚಿತ್ರ ಮಸುಕಾದರೆ ಆ ಪ್ರತಿ ಬೇಡ. ಅಳತೆಗಳನ್ನು ಎರಡು ಬಾರಿ ತೆಗೆಯಿರಿ. ಪ್ರಾಣಿಗಳಿಗೆ ಹೆಸರಿಡುವ ನಿಯಮದಂತೆ 2000ದಿಂದ ಹೋಲೋಟೈಪನ್ನು (ಹೊಸ ಹೆಸರಿಗೆ ಆಧಾರವಾದ ಒಂದೇ ಹುಳುವನ್ನು) ಸ್ಪಷ್ಟವಾಗಿ ಹೆಸರಿಸುವುದು, ಯಾವ ಸಂಗ್ರಹದಲ್ಲಿ ಇಡಲಾಗುತ್ತದೆ ಎಂದು ಬರೆಯುವುದು ಎರಡೂ ಕಡ್ಡಾಯ. ಹುಳು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಂಥ ಸಂಗ್ರಹಕ್ಕೆ ಸೇರಿದ ಮೇಲೆ ಮತ್ತೊಮ್ಮೆ ಅಳೆಯಬೇಕೆಂದರೆ ಅಲ್ಲಿಗೇ ಹೋಗಬೇಕು.