ಅಜ್ಜನ ಮಾರಿಸ್ ಮೈನರ್‌ಗೆ ಮೂರು ಪಂಪ್ ಹಾಕಿ ನೋಡಿದೆ

ಆಲ್ದೂರು ಹತ್ತಿರದ ನಮ್ಮ ತೋಟದ ಮನೆಯಲ್ಲಿ ಅಜ್ಜನ ಕಾಲದ 1951ರ ಮಾರಿಸ್ ಮೈನರ್ ಕಾರು ಇದೆ. ಎರಡು ವರ್ಷದಲ್ಲಿ ಅದಕ್ಕೆ ಮೂರು ಥರದ ಫ್ಯೂಯಲ್ ಪಂಪ್ (ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕಾರ್ಬೊರೇಟರ್‌ಗೆ ಕೊಡುವ ಪಂಪ್) ಹಾಕಿ ಓಡಿಸಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಗಾಡಿ ಜೊತೆಗೇ ಬಂದ ಎಸ್‌ಯು ಕಂಪನಿಯ ಪಂಪೇ ನನಗೆ ಇಷ್ಟ. ಪೇಟೆಯಿಂದ ತಂದ ಹೊಸ ಪಂಪಿಗೆ ಕೊಟ್ಟ ದುಡ್ಡು ದಂಡವಾಯಿತು.

ಕಾಟ ಶುರುವಾದದ್ದು ಒಂದು ಮಳೆಗಾಲ ಕಳೆದ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಶೆಡ್‌ನಲ್ಲೇ ನಿಂತಿತ್ತು. ಅಕ್ಟೋಬರ್‌ನಲ್ಲಿ ಕೀ ತಿರುಗಿಸಿದರೆ ಬಾನೆಟ್ ಒಳಗಿನ ಪಂಪಿನ ಟಿಕ್ ಟಿಕ್ ಸದ್ದೇ ಇಲ್ಲ. ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟಿದರೆ ಓಡುತ್ತಿತ್ತು, ಎರಡು ದಿನ ಬಿಟ್ಟರೆ ಮತ್ತೆ ಅದೇ ಕಥೆ. ಕೈಮರ ದಾಟಿ ಗಿರಿ ಹತ್ತುವಾಗ ಎರಡು ಸಲ ನಡುರಸ್ತೆಯಲ್ಲೇ ನಿಂತಿತು.

ಬೇಸತ್ತು ಹೊಸ ಎಲೆಕ್ಟ್ರಿಕ್ ಪಂಪ್ ತಂದೆ. ಎಲ್ಲ ಗಾಡಿಗೂ ಆಗುತ್ತದೆ ಅಂತ ಅಂಗಡಿಯವರು ಹೇಳಿದ್ದರು. ಮಾರಿಸ್‌ನಲ್ಲಿ ಬ್ಯಾಟರಿಯ ಪ್ಲಸ್ ವೈರ್ ಗಾಡಿಯ ಲೋಹದ ಮೈಗೆ ಹೋಗುತ್ತದೆ (ಪ್ಲಸ್ ಅರ್ತ್ ಅನ್ನುತ್ತಾರೆ), ಈಗಿನ ಗಾಡಿಗಳಿಗೆ ತದ್ವಿರುದ್ಧ. ಪಂಪಿಗೆ ಎರಡು ವೈರ್ ಇದ್ದದ್ದರಿಂದ ಅದಲುಬದಲು ಮಾಡಿ ಹಾಕಿದೆವು. ಓಡಿತು. ಆದರೆ ಎಸ್‌ಯು ಕೊಡುವ ಒತ್ತಡ ಹೆಚ್ಚೆಂದರೆ ಒಂದೂವರೆ ಪಿಎಸ್‌ಐ (ಟೈರ್ ಗಾಳಿ ಅಳೆಯುವ ಅದೇ ಅಳತೆ) ಆಸುಪಾಸು. ಹೊಸದರ ಡಬ್ಬಿ ಮೇಲೆ ನಾಲ್ಕರವರೆಗೆ ಅಂತಿತ್ತು. ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರ್ ತುಂಬಿದಾಗ ದಾರಿ ಮುಚ್ಚುವ ನೀಡಲ್ ಅಷ್ಟು ಒತ್ತಡ ತಡೆಯಲಿಲ್ಲ. ಕಾರ್ಬೊರೇಟರ್ ತುಂಬಿ ಪೆಟ್ರೋಲ್ ಹೊರಗೆ ಸುರಿಯಿತು. ಅದರ ಕೆಳಗೇ ಕಾದ ಎಕ್ಸಾಸ್ಟ್ ಇದೆ. ಆ ದಿನ ಪಕ್ಕದ ಸೀಟಿನಲ್ಲಿ ಮಗಳಿದ್ದಳು. ಮನೆಗೆ ಬಂದವನೇ ಬಿಚ್ಚಿ ಹಾಕಿದೆ.

ಆಮೇಲೆ ಹಳೇ ಪಂಪನ್ನೇ ರಿಪೇರಿ ಮಾಡಲು ಕೂತೆ. ಪಂಪಿನ ಕರೆಂಟನ್ನು ಕೂಡಿಸಿ ಬಿಡಿಸುವ ಪಾಯಿಂಟ್ ಮೇಲೆ ಕಪ್ಪು ಕಿಟ್ಟ ಕಟ್ಟಿತ್ತು. ನಮ್ಮ ಮಳೆಗಾಲದ ಥಂಡಿಗೆ ಕಿಟ್ಟ ಹಿಡಿಯದೆ ಇರುತ್ತದಾ? ಗಟ್ಟಿ ಕಾಗದದ ಚೂರನ್ನು ನಡುವೆ ತೂರಿಸಿ ಎಳೆದರೆ ಸಾಕು, ಟಿಕ್ ಟಿಕ್ ವಾಪಸ್.

ಕಷ್ಟ ಕೊಟ್ಟದ್ದು ಡಯಾಫ್ರಾಮ್, ಅಂದರೆ ಹಿಂದೆ ಮುಂದೆ ಆಡಿ ಪೆಟ್ರೋಲ್ ಎಳೆಯುವ ಪರದೆ. ರಬ್ಬರ್ ಬಿರುಸಾಗಿತ್ತು, ಬದಲಾಯಿಸಲೇಬೇಕಿತ್ತು. ಅದರ ಸುತ್ತ 11 ಪುಟ್ಟ ಹಿತ್ತಾಳೆ ರೋಲರ್‌ಗಳಿರುತ್ತವೆ. ಪಂಪ್ ಸ್ವಲ್ಪ ವಾಲಿದರೂ ಉದುರುತ್ತವೆ. ನಾನು ಕಾಫಿ ಒಣಗಿಸುವ ಕಣದಲ್ಲಿ ಕೂತು ಬಿಚ್ಚಿದ್ದೆ, ಒಂದು ರೋಲರ್ ಹುಡುಕಲು ಸಂಜೆಯಾಯಿತು. ಅಗಲವಾದ ತಟ್ಟೆ ಮೇಲಿಟ್ಟು ಬಿಚ್ಚಿ.

ಸೆಟ್ಟಿಂಗ್ ಇನ್ನೊಂದು ತಲೆನೋವು. ಡಯಾಫ್ರಾಮನ್ನು ಒಳಕ್ಕೆ ತಿರುಗಿಸುತ್ತಾ ಹೋದರೆ ಪಾಯಿಂಟ್ ಟಕ್ಕೆಂದು ಮಗುಚುವುದು ನಿಲ್ಲುತ್ತದೆ. ಅಲ್ಲಿಂದ ಒತ್ತಿ ಹಿಡಿದು ನಿಧಾನಕ್ಕೆ ಹಿಂದಕ್ಕೆ ತಿರುಗಿಸಬೇಕು. ಮತ್ತೆ ಮಗುಚಿದ ಜಾಗದಿಂದ ಹತ್ತಿರದ ಸ್ಕ್ರೂ ತೂತಿಗೆ ಸರಿಹೊಂದಿಸಿ, ಇನ್ನೂ ನಾಲ್ಕು ತೂತಿನಷ್ಟು ಹಿಂದಕ್ಕೆ ತಿರುಗಿಸಬೇಕು. ಇರುವುದು ಆರು ತೂತು, ಅಂದರೆ ಮೂರನೇ ಎರಡು ಸುತ್ತು. ನಾನು ಮೊದಲ ಸಲ ಎರಡೇ ತೂತು ಬಿಟ್ಟಿದ್ದೆ. ಅಂಗಳದಲ್ಲಿ ಚೆನ್ನಾಗಿ ಓಡಿದ ಗಾಡಿ ಏರಿನಲ್ಲಿ ಉಸಿರು ಬಿಟ್ಟಿತು. ಪುನಃ ಬಿಚ್ಚಿ ನಾಲ್ಕು ಎಣಿಸಿ ಹಾಕಿದೆ. ಅವತ್ತಿನಿಂದ ನಿಂತಿಲ್ಲ.

ಮೂರನೆಯದು ಎಲೆಕ್ಟ್ರಾನಿಕ್ ಎಸ್‌ಯು. ಹೊರಗಿನ ಬಾಡಿ ಅದೇ, ಒಳಗೆ ಪಾಯಿಂಟ್ ಬದಲು ಸರ್ಕ್ಯೂಟ್. ಹಾಸನದ ಗೆಳೆಯರೊಬ್ಬರು ತಿಂಗಳ ಮಟ್ಟಿಗೆ ಕೊಟ್ಟಿದ್ದರು. ಒಂದು ದಿನವೂ ತೊಂದರೆ ಕೊಡಲಿಲ್ಲ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವವರಿಗೆ ಇದೇ ಒಳ್ಳೆಯದು. ತರುವಾಗ ಪ್ಲಸ್ ಅರ್ತ್ ಗಾಡಿಗೆ ಆಗುವುದೇ ಅಂತ ನೋಡಿಕೊಳ್ಳಿ. ಆದರೆ ಬೆಲೆ ನನ್ನ ರಿಪೇರಿ ಕಿಟ್‌ಗಿಂತ ತುಂಬಾ ಜಾಸ್ತಿ. ಚಾರ್ಮಾಡಿ ಘಾಟಿಯಲ್ಲಿ ಸರ್ಕ್ಯೂಟ್ ಸುಟ್ಟರೆ ಕಾಗದದ ಚೂರಿನಿಂದ ಸರಿಮಾಡಲು ಆಗುವುದಿಲ್ಲ ಅಲ್ವಾ?

ಹಳೇ ಪಂಪ್ ಸದ್ದಿನಲ್ಲೇ ಎಲ್ಲ ಹೇಳುತ್ತದೆ. ಚೇಂಬರ್ ತುಂಬಿದರೆ ನಿಲ್ಲುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದೂ ಬಿಡದೆ ಪಟಪಟ ಬಡಿದರೆ ಟ್ಯಾಂಕ್ ಕಡೆಯ ಪೈಪಿನಲ್ಲಿ ಗಾಳಿ ಎಳೆಯುತ್ತಿದೆ ಎಂದರ್ಥ.

ನಾನು ಭಾನುವಾರ ತಪ್ಪದೆ ಗಾಡಿ ತೆಗೆಯುವವನು, ಬಿಚ್ಚಿ ಜೋಡಿಸಲು ಬೇಸರವಿಲ್ಲ, ಖರ್ಚಿಗೆ ಮಿತಿ ಇದೆ. ಹಾಗಾಗಿ ಹಳೇದೇ ಸಾಕು. ಕಳೆದ ಮಳೆಗಾಲದಲ್ಲಿ ರಸ್ತೆಗೆ ತೆಗೆಯಲಾಗದ ವಾರವೂ ಶೆಡ್‌ನಲ್ಲೇ ಹತ್ತು ನಿಮಿಷ ಇಂಜಿನ್ ಓಡಿಸಿದೆ. ಅಕ್ಟೋಬರ್‌ನಲ್ಲಿ ಕೀ ತಿರುಗಿಸಿದ ಕೂಡಲೇ ಟಿಕ್ ಟಿಕ್ ಕೇಳಿಸಿತು.