4294967297 ಒಡೆಯಲು ನಾನು ಹಿಡಿದ ನಾಲ್ಕು ದಾರಿಗಳು

3, 5, 17, 257, 65537. ಎರಡರ 1, 2, 4, 8, 16ನೇ ಘಾತಗಳಿಗೆ ಒಂದೊಂದು ಕೂಡಿಸಿದರೆ ಬರುವ ಈ ಸಾಲಿನ ಮುಂದಿನದು ಎರಡರ 32ನೇ ಘಾತಕ್ಕೆ ಒಂದು ಕೂಡಿಸಿದರೆ ಸಿಗುವ 4294967297, ಅಂದರೆ 429 ಕೋಟಿ ಚಿಲ್ಲರೆ. ಮೊದಲ ಐದೂ ಅವಿಭಾಜ್ಯ. ಇದೂ ಹಾಗೇ ಇರಬೇಕೆಂದು 1640ರಲ್ಲಿ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಇದನ್ನು ಒಡೆದರು, ಅಂದರೆ ಎರಡು ಸಂಖ್ಯೆಗಳ ಗುಣಲಬ್ಧವಾಗಿ ಬರೆದರು. ಉತ್ತರ ಗೊತ್ತಿರುವ ಸಂಖ್ಯೆಯಾದರೆ ದಾರಿಗಳನ್ನು ಹೋಲಿಸುವುದು ಸುಲಭವೆಂದು ಕಾಗದ, ಪೆನ್ನು, ಹನ್ನೆರಡು ಅಂಕಿ ಹಿಡಿಸುವ ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂತೆ.

ಮೊದಲು ನೇರ ಭಾಗಾಕಾರ. ಬೆಸ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತಾ ಹೋದೆ. 115ನೆಯದಾದ 641ಕ್ಕೆ ಶೇಷ ಸೊನ್ನೆ ಬಂತು. ಒಂದು ಸಂಜೆ ಪೂರ್ತಿ ಹಿಡಿಯಿತು. ಬೇಗ ಸಿಕ್ಕಿತು ಅಂತಲೇ ಹೇಳಬೇಕು, ಏಕೆಂದರೆ ಇದರ ವರ್ಗಮೂಲ 65536ರ ಆಸುಪಾಸು, ಅಲ್ಲಿಯವರೆಗೆ 6542 ಅವಿಭಾಜ್ಯಗಳಿವೆ.

ಎರಡನೆಯದು ಫರ್ಮಾ ಅವರದೇ ವಿಧಾನ: ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯುವುದು. ದೊಡ್ಡ ವರ್ಗದ ಮೂಲವನ್ನು 65537ರಿಂದ ಶುರುಮಾಡಿ ಒಂದೊಂದಾಗಿ ಏರಿಸುತ್ತಾ ಹೋಗಿ ಐವತ್ತು ಹೆಜ್ಜೆಗೆ ಕೈಬಿಟ್ಟೆ. ಆಮೇಲೆ ಲೆಕ್ಕ ಹಾಕಿದರೆ 3350529ರವರೆಗೆ, ಸುಮಾರು 32 ಲಕ್ಷ 85 ಸಾವಿರ ಹೆಜ್ಜೆ ನಡೆಯಬೇಕಿತ್ತು! ಎರಡು ಅಪವರ್ತನಗಳು ಹತ್ತಿರ ಹತ್ತಿರ ಇದ್ದಾಗ ಮಾತ್ರ ಈ ದಾರಿ ಒಳ್ಳೆಯದು.

ಮೂರನೆಯದು ಎರಡರ ಘಾತದ ಪರೀಕ್ಷೆ. ಸಂಖ್ಯೆ ಅವಿಭಾಜ್ಯವಾದರೆ, ಎರಡನ್ನು ಅದಕ್ಕಿಂತ ಒಂದು ಕಡಿಮೆ ಘಾತಕ್ಕೆ ಏರಿಸಿ ಅದರಿಂದಲೇ ಭಾಗಿಸಿದಾಗ ಶೇಷ 1 ಬರಲೇಬೇಕು. ಬಂತು. ಆದರೆ ಇಲ್ಲಿ ಅದು ಬಂದೇ ಬರುತ್ತದೆ: ಎರಡರ 32ನೇ ಘಾತಕ್ಕೆ ಶೇಷ −1 (ಪೂರ್ತಿ ಭಾಗವಾಗಲು ಒಂದು ಕಡಿಮೆ), ಅದನ್ನು ವರ್ಗ ಮಾಡಿದರೆ 1, ಮುಂದೆಲ್ಲ 1. ಎಲ್ಲಕ್ಕಿಂತ ವೇಗದ ದಾರಿ, ಈ ಸಂಖ್ಯೆಯ ಮಟ್ಟಿಗೆ ಪೂರ್ತಿ ನಿರುಪಯೋಗಿ. ನನಗೆ ನಿಜಕ್ಕೂ ಬೇಸರವಾಯಿತು.

ನಾಲ್ಕನೆಯದೇ ನನ್ನ ಆಯ್ಕೆ. ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಭಾಜಕ 128ರ ಗುಣಕಕ್ಕಿಂತ ಒಂದು ಹೆಚ್ಚಿರಬೇಕು. 64ರ ಗುಣಕ ಎಂಬುದು ಆಯ್ಲರ್ ಕೊಟ್ಟದ್ದು, ಅದನ್ನು 128ಕ್ಕೆ ಏರಿಸಿದ್ದು 1878ರಲ್ಲಿ ಫ್ರೆಂಚ್ ಗಣಿತಜ್ಞ ಲ್ಯೂಕಾ. 129, 257, 385, 513, 641: ಇವುಗಳಲ್ಲಿ ಅವಿಭಾಜ್ಯ ಎರಡೇ. ಎರಡನೇ ಭಾಗಾಕಾರಕ್ಕೆ 641 ಕೈಗೆ ಬಂತು, ಭಾಗಲಬ್ಧ 6700417. ಸಂಜೆಯ ಕೆಲಸ ಎರಡು ನಿಮಿಷದ್ದಾಯಿತು.

ಭಾಗಾಕಾರವೇ ಬೇಡದ ಸೊಗಸೂ ಇಲ್ಲಿದೆ. 641 ಎಂದರೆ 5×128+1. 625+16 ಕೂಡ ಹೌದು. ಮೊದಲನೆಯದರಿಂದ, 641ರಿಂದ ಭಾಗಿಸಿದಾಗ 5×128ಕ್ಕೆ ಶೇಷ −1, ಅದರ ನಾಲ್ಕನೇ ಘಾತಕ್ಕೆ 1, ಅಂದರೆ 625 ಗುಣಿಸು ಎರಡರ 28ನೇ ಘಾತಕ್ಕೆ ಶೇಷ 1. ಎರಡನೆಯದರಿಂದ 625ರ ಜಾಗದಲ್ಲಿ −16 ಇಟ್ಟರೆ ಎರಡರ 32ನೇ ಘಾತಕ್ಕೆ −1, ಅಂದರೆ ಅದಕ್ಕೆ ಒಂದು ಕೂಡಿಸಿದರೆ ಶೇಷ ಸೊನ್ನೆ. ಕಾಗದದ ಮೇಲೆ ಮೂರು ಸಾಲು!

ಉಳಿದ 6700417 ಅವಿಭಾಜ್ಯವೇ ಎಂದು ನೋಡಲೂ ಇದೇ ದಾರಿ ಸಾಕಾಯಿತು. ಅದರ ವರ್ಗಮೂಲ 2589ಕ್ಕಿಂತ ಕಡಿಮೆ. 257 ಆಗಲೇ ಸೋತಿತ್ತು, ಉಳಿದ ಅಭ್ಯರ್ಥಿಗಳು 641, 769, 1153, 1409 ಮಾತ್ರ. ಶೇಷಗಳು ಕ್ರಮವಾಗಿ 44, 120, 334, 622. ಯಾವುದೂ ಸೊನ್ನೆಯಲ್ಲ, ಹಾಗಾಗಿ 6700417 ಅವಿಭಾಜ್ಯವೇ.